ಪಡಸಾಲೆಯಲ್ಲಿ ಅಕ್ಕನ ಪ್ರಿಂಟರು

ನಾನು ಟೀವಿ ರಿಪೇರಿ ಮಾಡುವವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವ ದಡ್ಡತನವನ್ನು ಬೇರೆ ಯಾರಾದರೂ ಮಾಡಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಮಾಡಿದವನು ನಾನು ಎನ್ನುವುದೇ ಫಜೀತಿ. ಹಳಿಯಾಳದ ಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ತೊಂಬತ್ತರ ದಶಕದಲ್ಲಿ ಈ ಸೀಮೆಯಲ್ಲಿ ನಾನು ಹತ್ತದ ಛಾವಣಿ ಇರಲಿಲ್ಲ ಎಂದರೆ ಅದರಲ್ಲಿ ಉತ್ಪ್ರೇಕ್ಷೆ ಸ್ವಲ್ಪವೇ. ದಾಂಡೇಲಿಯ ಗಿರಣಿ ಕಾರ್ಮಿಕರ ಮನೆಗಳು, ಗಣೇಶಗುಡಿಯ ಕ್ವಾರ್ಟರ್ಸುಗಳು, ಕುಳಗಿಯ ಅಡವಿಯೊಳಗಿನ ಅರಣ್ಯ ಇಲಾಖೆಯವರ ಬಿಡಾರ, ಎಲ್ಲಿಂದ ಕರೆ ಬಂದರೂ ಹೆಗಲ ಮೇಲೆ ಅಲ್ಯುಮಿನಿಯಂ ಕೊಳವೆ ಹೊತ್ತು ಹೊರಡುತ್ತಿದ್ದೆ. ಮೇಲೆ ನಿಂತು ನಾನು ಆಂಟೆನಾ ತಿರುಗಿಸುವುದು, ಕೆಳಗೆ ಮನೆಮಂದಿ, "ಬಂತ್ರೀ... ಹೋತ್ರೀ... ಇನ್ನೊಂಚೂರು ಈ ಕಡೆ" ಎಂದು ಕೂಗುವುದು. ಗಾಳಿಯಲ್ಲಿ ಬರುವ ಸಿಗ್ನಲ್ಲು ಎಲ್ಲಿಂದ ಬರುತ್ತದೆ, ಎಲ್ಲಿ ತಡೆಯುತ್ತದೆ ಎಂದು ಮೂಸಿ ಹೇಳಬಲ್ಲೆ ಎಂಬ ಸೊಕ್ಕು ಆಗ ನನಗೆ ಬಂದದ್ದು. ಆಮೇಲೆ ಮನೆಮನೆಗೆ ಸಣ್ಣ ಡಿಶ್ಶುಗಳು ಬಂದವು, ಆಂಟೆನಾ ಕೇಳುವವರು ಇಲ್ಲವಾದರು. ಸೊಕ್ಕು ಮಾತ್ರ ಹೋಗಲಿಲ್ಲ.

ಮನೆಯಲ್ಲಿ ನಾವು ಮೂವರು: ಅವ್ವ, ಅಕ್ಕ, ನಾನು. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ತಾಲೂಕು ಕಚೇರಿಯ ಎದುರು ಬೇವಿನ ಮರದ ಕೆಳಗೆ ಒಂದು ತಗಡಿನ ಗೂಡು, ಅದರೊಳಗೆ ಒಂದು ಕನ್ನಡ ಟೈಪ್‌ರೈಟರು, ಅದರ ಹಿಂದೆ ಅಕ್ಕ. ಅಪ್ಪ ಬೇಗ ತೀರಿಕೊಂಡ ಮೇಲೆ ಅವಳ ಹತ್ತು ಬೆರಳುಗಳೇ ಮನೆ ನಡೆಸಿದವು, ನನ್ನನ್ನು ಓದಿಸಿದವು. ಕಾರ್ಬನ್ ಹಾಳೆ ಇಟ್ಟು ಐದು ಪ್ರತಿ ಹೊಡೆದರೆ ಐದನೆಯದರಲ್ಲೂ ಒತ್ತಕ್ಷರ ನಿಚ್ಚಳವಾಗಿ ಮೂಡಬೇಕು, ಅಷ್ಟು ಜೋರಿನ ಕೈ. ಕಂಪ್ಯೂಟರು ಬಂದಾಗ ಅದನ್ನೂ ಕಲಿತಳು. ಆದರೆ ಅದರ ಕೀಲಿಗಳನ್ನೂ ಹಳೆಯ ಯಂತ್ರದಂತೆಯೇ ಗುದ್ದುತ್ತಿದ್ದಳು. "ಮೆಲ್ಲಕ ಒತ್ತು, ಅದಕ್ಕೂ ಜೀವ ಐತಿ" ಎಂದರೆ, "ಮೆಲ್ಲಕ ಒತ್ತಿದ್ರ ಅರ್ಜಿಗೆ ಧಮ್ಮ ಬರೂದಿಲ್ಲೋ" ಎನ್ನುತ್ತಿದ್ದಳು.

ಎರಡು ಸಾವಿರದ ಎಂಟರ ಮಳೆಗಾಲದಲ್ಲಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವಳು ಜಾರಿ ಬಿದ್ದಳು. ಸೊಂಟದ ಎಲುಬು ಮುರಿಯಿತು. ಹುಬ್ಬಳ್ಳಿಯಲ್ಲಿ ಒಂದು ಆಪರೇಷನ್ ಆಯಿತು, ಅದು ಕೀವಾಯಿತು, ಇನ್ನೊಂದಾಯಿತು. ಮನೆಗೆ ಬಂದ ಮೇಲೆ ನಡುಮನೆಯ ಮಂಚವೇ ಅವಳ ಊರು. ದಿಂಬು ಒರಗಿಸಿ ಕೂರಿಸಿದರೆ ಕೂರುತ್ತಿದ್ದಳು. ಒಂದು ದಿನ ಕೋಲು ಹಿಡಿದು ನಡೆಯುತ್ತಾಳೆ ಎಂದು ಡಾಕ್ಟರು ಹೇಳಿದ್ದರು. ಆ ಒಂದು ದಿನ ಯಾವುದು ಎಂದು ಹೇಳಿರಲಿಲ್ಲ.

ನೋವನ್ನು ಅವಳು ತಡೆದುಕೊಂಡಳು. ತಡೆಯಲಾಗದೆ ಹೋದದ್ದು ಮಂದಿ ನೋಡಲು ಬರುವುದನ್ನು. ಮಂಚದ ಕೆಳಗೆ ಒಂದು ಡಬ್ಬಿ ಇರುತ್ತಿತ್ತು, ಅದು ಯಾತಕ್ಕೆ ಎಂದು ನೋಡಿದವರಿಗೆಲ್ಲ ತಿಳಿಯುತ್ತದೆ. ಇಪ್ಪತ್ತು ವರ್ಷ ತಹಶೀಲ್ದಾರರ ಎದುರಿಗೇ ತಲೆ ಎತ್ತಿ ಮಾತಾಡಿದವಳು, ಬಾಗಿಲಲ್ಲಿ ಚಪ್ಪಲಿಯ ಸಪ್ಪಳ ಕೇಳಿದರೆ ಗೋಡೆಯ ಕಡೆ ಹೊರಳಿ ಮಲಗಿಬಿಡುತ್ತಿದ್ದಳು. ಮೊದಮೊದಲು ಅವಳ ಗಿರಾಕಿಗಳು ಬಂದರು. ಅವ್ವ "ಮಲಗ್ಯಾಳ್ರಿ" ಎಂದು ಹೇಳಿ ಹೇಳಿ ಕಳಿಸಿದಳು. ಆಮೇಲೆ ಯಾರೂ ಬರಲಿಲ್ಲ. ಅಕ್ಕ ತಲೆ ಬಾಚಿಕೊಳ್ಳುವುದನ್ನೂ ಬಿಟ್ಟಳು. ನನಗೆ ಭಯವಾದದ್ದು ಆಗ. ಸೊಂಟ ಕೂಡಿಕೊಳ್ಳುತ್ತದೆ, ಅವಳೇ ಹೀಗೆ ಗೋಡೆಯ ಕಡೆ ಹೊರಳಿದರೆ ಏನು ಮಾಡುವುದು?

ಒಂದು ದಿನ ಅಕ್ಕನೇ ಬಾಯಿ ಬಿಟ್ಟಳು. ನಾನು ಹಳೆಯದೊಂದು ಲ್ಯಾಪ್‌ಟಾಪು ರಿಪೇರಿ ಮಾಡಿ ಅವಳ ತೊಡೆಯ ಮೇಲಿನ ಹಲಗೆಯಲ್ಲಿ ಇಟ್ಟಿದ್ದೆ, ಸುಮ್ಮನೆ, ಹೊತ್ತು ಹೋಗಲಿ ಎಂದು. ಅದರ ಕೀಲಿಗಳನ್ನು ನಾಲ್ಕು ದಿನ ಗುದ್ದಿದ ಮೇಲೆ ಹೇಳಿದಳು:

"ಟೈಪ್ ನಾ ಮಾಡ್ತೇನಿ. ಆದ್ರ ಒಬ್ರೂ ಒಳಗ ಬರಬಾರದು. ಮಂದಿ ಪಡಸಾಲ್ಯಾಗ ಕುಂದರ್ಲಿ, ಕಾಗದ ಪಡಸಾಲ್ಯಾಗ ಬರ್ಲಿ, ತಗೊಂಡು ಹೋಗ್ಲಿ. ನನ್ನ ಮಾರಿ ಅವರಿಗೆ ಯಾಕ ಬೇಕು?"

"ಬಾಗಿಲಾ ಹಾಕಿದ್ರ ಕಾಗದ ಹೆಂಗ ಬರತೈತಿ ಅಕ್ಕಾ?"

"ಅದು ನಿನ್ನ ಕೆಲಸ. ಟೀವಿಯೊಳಗ ಗ್ವಾಡಿ ದಾಟಿ ಎಲ್ಲಾ ಬರತೈತಲ್ಲ, ಇದೂ ಬರ್ಲಿ."

ಅವಳು ನಗುತ್ತಾ ಹೇಳಲಿಲ್ಲ. ಇದೊಂದಾದರೆ ಅವಳು ಏಳುತ್ತಾಳೆ, ಇದಾಗದಿದ್ದರೆ ಇಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ಅವ್ವನೂ ಹಾಗೆಯೇ ಅರ್ಥ ಮಾಡಿಕೊಂಡಳು, ಯಾಕೆಂದರೆ ಅವತ್ತು ಸಂಜೆ ದೇವರ ಮುಂದೆ ಎರಡು ದೀಪ ಹಚ್ಚಿದಳು.

ಹುಬ್ಬಳ್ಳಿಯ ಅಂಗಡಿಯವನು ಇಂಥ ಪ್ರಿಂಟರು ಇದೆ ಎಂದ. ತಂತಿ ಬೇಡ, ಗಾಳಿಯಲ್ಲಿ ಹೇಳಿದರೆ ಅಚ್ಚು ಹಾಕುತ್ತದೆ. ತಂತಿಯದೇ ಸಾಲದೇ ಎಂದು ಕೇಳಿದೆ. ಉದ್ದ ತಂತಿ ಎಳೆದರೆ ಕೆಲಸ ಕೊಡುವುದಿಲ್ಲ, ಮನೆ ಎಷ್ಟು ದೊಡ್ಡದು ಎಂದು ಅವನೇ ತಿರುಗಿ ಕೇಳಿದ. ನಮ್ಮದು ರೈಲಿನ ಡಬ್ಬಿಯಂಥ ಮನೆ: ಮುಂದೆ ಪಡಸಾಲೆ, ಮಧ್ಯೆ ನಡುಮನೆ, ಹಿಂದೆ ಅಡುಗೆಮನೆ, ಒಂದರ ಬೆನ್ನಿಗೊಂದು. ನಡುವೆ ಎರಡು ಮೊಳ ದಪ್ಪದ ಮಣ್ಣಿನ ಗೋಡೆ. ಅದನ್ನೆಲ್ಲ ಅವನಿಗೆ ಹೇಳಿಕೊಳ್ಳಲು ಮನಸ್ಸಾಗದೆ ತಂತಿಯಿಲ್ಲದ್ದನ್ನೇ ತೆಗೆದುಕೊಂಡೆ. ಹಳಿಯಾಳದವರೆಗೆ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಪಕ್ಕದಲ್ಲಿ ಕೂತವರು, "ಮಿಕ್ಸರೇನ್ರಿ?" ಎಂದರು. ಹೌದು ಎಂದೆ, ಹೇಳುತ್ತಾ ಹೋಗಲು ನನಗೆ ತಾಳ್ಮೆ ಇರಲಿಲ್ಲ.

ಟೆಲಿಫೋನಿನವರು ಇಂಟರ್‌ನೆಟ್ಟಿಗೆಂದು ಕೊಟ್ಟ ಮೋಡೆಮ್ಮು ಆಗಲೇ ಬಂದಿತ್ತು. ಅಂಗೈ ಅಗಲದ ಡಬ್ಬಿ, ಹಿಂದೆ ಒಂದು ಸಣ್ಣ ಕೊಂಬು. ಇದರಿಂದ ಹೊರಟ ಸಿಗ್ನಲ್ಲು ಲ್ಯಾಪ್‌ಟಾಪಿಗೂ ಮುಟ್ಟಬೇಕು, ಪ್ರಿಂಟರಿಗೂ ಮುಟ್ಟಬೇಕು, ಆಗ ಇಬ್ಬರೂ ಮಾತಾಡಿಕೊಳ್ಳುತ್ತಾರೆ. ಫೋನಿನ ತಂತಿ ಅಡುಗೆಮನೆಯ ಕಿಟಕಿಯಿಂದ ಒಳಗೆ ಬರುತ್ತಿದ್ದುದರಿಂದ ಮೋಡೆಮ್ಮೂ ಅಡುಗೆಮನೆಯಲ್ಲೇ. ಜೋಡಿಸುವುದು ಅಲ್ಲಿಯೇ ಆಗಲಿ ಎಂದು ಪ್ರಿಂಟರನ್ನು ಒರಳಿನ ಪಕ್ಕ ಇಟ್ಟೆ. ಅದರ ಹಣೆಯ ಮೇಲೆ ಬೆಂಕಿಪೆಟ್ಟಿಗೆಯಷ್ಟು ಪರದೆ. ನಮ್ಮ ಮನೆಯ ಜಾಲದ ಹೆಸರನ್ನು ಅದು ತಾನೇ ಹುಡುಕಿ ತೋರಿಸಿತು. ಗುಪ್ತಪದವನ್ನು ಮಾತ್ರ ನಾವು ಹೇಳಬೇಕು. ಅದು ಮೋಡೆಮ್ಮಿನ ಹೊಟ್ಟೆಯ ಕೆಳಗೆ ಇರುವೆ ಸಾಲಿನಂತೆ ಅಚ್ಚಾಗಿತ್ತು. ಒಂದೊಂದು ಅಕ್ಷರಕ್ಕೂ ಗುಂಡಿ ಒತ್ತಿ ಒತ್ತಿ ವರ್ಣಮಾಲೆ ದಾಟಬೇಕು. ನಾಲ್ಕು ಸಲ ತಪ್ಪಿದೆ, ಐದನೆಯ ಸಲಕ್ಕೆ ನೀಲಿ ದೀಪ ಮಿಟುಕುವುದು ನಿಲ್ಲಿಸಿ ಸ್ಥಿರವಾಗಿ ಉರಿಯಿತು.

"ಅಕ್ಕಾ, ಏನರ ಕಳಸು" ಎಂದು ಕೂಗಿದೆ.

ನಡುಮನೆಯಲ್ಲಿ ಕೀಲಿ ಗುದ್ದಿದ ಸಪ್ಪಳ. ಪ್ರಿಂಟರು ಒಂದು ಸಲ ಕೆಮ್ಮಿತು, ಹಾಳೆ ಎಳೆದುಕೊಂಡಿತು. ಹೊರಬಂದ ಹಾಳೆಯ ಮೇಲೆ ದಪ್ಪಕ್ಷರದಲ್ಲಿ "ಮಾನ್ಯರೇ" ಎಂದಷ್ಟೇ ಇತ್ತು. ಅರ್ಜಿಯ ಮೊದಲ ಮಾತು. ಅವ್ವ ಅದನ್ನು ಕೈಗೆ ತೆಗೆದುಕೊಂಡು, ಓದಲು ಬಾರದಿದ್ದರೂ, ಬಹಳ ಹೊತ್ತು ನೋಡಿದಳು. ಆಮೇಲೆ ಯಂತ್ರಕ್ಕೆ ಅರಿಸಿನ ಕುಂಕುಮ ಇಟ್ಟಳು. ನನಗೆ ಕಣ್ಣು ತುಂಬಿ ಬಂದಿತ್ತು, ಅದನ್ನು ಮುಚ್ಚಿಕೊಳ್ಳಲು ಪೆಟ್ಟಿಗೆಯ ಥರ್ಮಾಕೋಲು ಮುರಿಯುತ್ತಾ ಕೂತೆ.

ದಡ್ಡತನ ಶುರುವಾದದ್ದು ಇದಾದ ಅರ್ಧ ತಾಸಿಗೆ. ನಮ್ಮ ಮನೆಯಲ್ಲಿ ಇಲಿ ಬಹಳ. ವೈರು ಕಂಡರೆ ಅವಕ್ಕೆ ಹಬ್ಬ. ಮೋಡೆಮ್ಮನ್ನು ಗೋಡೆಯ ಗೂಟಕ್ಕೆ ತೂಗುಹಾಕುತ್ತೇನೆ ಎಂದಾಗ ಅವ್ವ, "ಬ್ಯಾಡಪಾ, ನಸಕಿನ್ಯಾಗ ನೋಡಿದ್ರ ಬರೇ ಟೊಳ್ಳು ಇರತೈತಿ. ಜಾಳಿಗಿ ಕಪಾಟಿನ್ಯಾಗ ಇಡು" ಎಂದಳು. ಹಾಲು, ಮೊಸರು, ಉಳಿದ ರೊಟ್ಟಿ ಇಡಲು ನಮ್ಮ ಕಡೆ ಅಡುಗೆಮನೆಯಲ್ಲಿ ಇರುವ ಕಪಾಟು ಅದು. ಕಟ್ಟಿಗೆಯ ಚೌಕಟ್ಟು, ಸುತ್ತಲೂ ಮತ್ತು ಬಾಗಿಲಿಗೆ ಕಬ್ಬಿಣದ ಸಣ್ಣ ಜಾಲರಿ. ಗಾಳಿ ಆಡುತ್ತದೆ, ಇಲಿ ಬೆಕ್ಕು ಒಳಗೆ ಹೋಗುವುದಿಲ್ಲ. ಒಳ್ಳೆಯ ಉಪಾಯ ಎಂದೆ. ಬರೀ ಎಂದದ್ದಲ್ಲ, ನಾನೇ ಡ್ರಿಲ್ಲು ತಂದು ಹಿಂದಿನ ಚೌಕಟ್ಟಿಗೆ ತೂತು ಹೊಡೆದೆ, ವೈರು ತೂರಿಸಿದೆ, ಮೋಡೆಮ್ಮನ್ನು ಹಾಲಿನ ಪಾತ್ರೆಯ ಮೇಲಿನ ಹಲಗೆಯಲ್ಲಿ ಕೂರಿಸಿ ಚಿಲಕ ಹಾಕಿದೆ. ಗಾಳಿ ಹೋಗುವಲ್ಲಿ ಸಿಗ್ನಲ್ಲಿಗೇನು ಧಾಡಿ ಎಂದುಕೊಂಡೆ. ಪ್ರಿಂಟರನ್ನು ಪಡಸಾಲೆಗೆ ಒಯ್ದು ಕಿಟಕಿಯ ಪಕ್ಕದ ಮೇಜಿನ ಮೇಲೆ ಇಟ್ಟೆ.

ಅಲ್ಲಿಗೆ ಅದರ ಬಾಯಿ ಕಟ್ಟಿತು.

ನೀಲಿ ದೀಪ ಮಿಟುಕುತ್ತದೆ, ಮಿಟುಕುತ್ತದೆ, ಆರುತ್ತದೆ. ಅಕ್ಕನ ಮಂಚ ಅಡುಗೆಮನೆಯ ಬಾಗಿಲಿಗೆ ಹತ್ತಿದಂತೆಯೇ ಇದ್ದುದರಿಂದ ಅವಳ ಲ್ಯಾಪ್‌ಟಾಪಿಗೆ ಎರಡು ಕಡ್ಡಿಯಷ್ಟು ಸಿಗ್ನಲ್ಲು ಸಿಗುತ್ತಿತ್ತು. ಹಾಗಾಗಿ ನಾನು ಮೋಡೆಮ್ಮಿನ ಮೇಲೆ ಅನುಮಾನ ಪಡಲೇ ಇಲ್ಲ, ಕಳ್ಳ ಪ್ರಿಂಟರೇ ಎಂದು ತೀರ್ಮಾನಿಸಿದೆ. ಅದನ್ನು ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ, ಸ್ಟೂಲಿನ ಮೇಲೆ ಏರಿಸಿದೆ. ಆಂಟೆನಾ ತಿರುಗಿಸಿದ ಕೈ, ಸುಮ್ಮನೆ ಇರುತ್ತದೆಯೇ? ಹುಬ್ಬಳ್ಳಿಯವನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ಪಾಪ, ಮೋಡೆಮ್ಮು ಎಲ್ಲಿದೆ ಎಂದು ಕೇಳಿದ. "ಅದು ಭದ್ರ ಐತಿ, ನೀ ನಿನ್ನ ಮಷೀನಿನ ಮಾತ ಹೇಳು" ಎಂದು ಫೋನು ಇಟ್ಟೆ.

ವಿಚಿತ್ರವೆಂದರೆ ಅದು ಪೂರ್ತಿ ಸತ್ತಿರಲಿಲ್ಲ. ದಿನಾ ಸಂಜೆ ನಾಲ್ಕರ ಸುಮಾರಿಗೆ ಒಮ್ಮೆಲೇ ಎಚ್ಚರಗೊಂಡು, ಬೆಳಿಗ್ಗೆಯಿಂದ ಅಕ್ಕ ಕಳಿಸಿದ್ದನ್ನೆಲ್ಲ ಒಂದರ ಹಿಂದೊಂದು ಉಗುಳುತ್ತಿತ್ತು. ಕೈಗೂಡಲಿಲ್ಲವೆಂದು ಅಕ್ಕ ಒಂದೇ ರೇಷನ್ ಕಾರ್ಡಿನ ಅರ್ಜಿಯನ್ನು ಆರು ಸಲ ಕಳಿಸಿದ್ದರೆ ಆರೂ ಬರುತ್ತಿದ್ದವು. ಅಕ್ಕ ಮತ್ತೆ ಟೈಪು ಮಾಡುತ್ತಾಳೆ ಎಂದು ನನ್ನ ಅಂಗಡಿಯಲ್ಲಿ ಕೇಳಿ ಬಂದ ಗಿರಾಕಿ ಅಷ್ಟರಲ್ಲಿ ಎದ್ದು ಹೋಗಿ ಎಷ್ಟೋ ಹೊತ್ತಾಗಿರುತ್ತಿತ್ತು. ಸೈಕಲ್ ರಿಪೇರಿ ಮಾಡುವ ಪಕ್ಕದ ಮನೆಯ ಚಾಚಾ ಇದನ್ನು ಎರಡು ದಿನ ನೋಡಿ, "ನಿನ್ನ ಮಷೀನಿಗೆ ಚಾದ ಚಟ ಐತಿ ನೋಡಪಾ. ನಾಕಕ್ಕ ಸರಿಯಾಗಿ ಏಳತೈತಿ" ಎಂದರು. ನಾನು ನಗಲಿಲ್ಲ. ನಾನು ಅಂಗಡಿ ಮುಚ್ಚಿ ಬಂದು, ಊಟ ಮಾಡಿ, ಅದರ ಮುಂದೆ ಕೂತರೆ ಒಂದು ಹಾಳೆಯೂ ಬರುತ್ತಿರಲಿಲ್ಲ. ನನ್ನನ್ನು ಕಂಡರೆ ಅದಕ್ಕಾಗುವುದಿಲ್ಲ ಎಂದೇ ಅನ್ನಿಸತೊಡಗಿತು.

ಎಂಟು ದಿನವಾಯಿತು. ಒಂಬತ್ತನೆಯ ದಿನ ಅಕ್ಕ ಲ್ಯಾಪ್‌ಟಾಪನ್ನು ಮುಚ್ಚಿ ನನ್ನ ಕೈಗೆ ಕೊಟ್ಟಳು.

"ಸಾಕ ಬಿಡು ತಮ್ಮಾ. ಇದನ್ನ ಯಾರಿಗರ ಕೊಟ್ಟಬಿಡು. ಮಂದೀನ್ನ ಕಾಯಿಸಿ ಬರಿಗೈಲೆ ಕಳಸೂದು ನನ್ನಿಂದ ಆಗೂದಿಲ್ಲ."

"ಇನ್ನೊಂದು ನಾಕು ದಿನ ನೋಡೂಣು."

"ನೋಡಿದ್ದು ಸಾಕು" ಎಂದು ಗೋಡೆಯ ಕಡೆ ಹೊರಳಿದಳು.

ನನಗೆ ಸಿಟ್ಟು ಬಂತು. ಅವಳ ಮೇಲೆ, ಯಂತ್ರದ ಮೇಲೆ, ಇಲಿಗಳ ಮೇಲೆ, ಎಲ್ಲರ ಮೇಲೂ. ಬಾಗಿಲು ದಡಾರೆಂದು ಎಳೆದುಕೊಂಡು ಹೊರಗೆ ಬಂದೆ. ಹೊರಗೆ ಬಂದ ಮೇಲೆ, ಅದು ಸಿಟ್ಟಲ್ಲ, ಅಳು ಎಂದು ತಿಳಿಯಿತು.

ಮರುದಿನ ನನ್ನ ಅಂಗಡಿಗೆ ವಾರದ ರಜೆ, ನಾನು ಮನೆಯಲ್ಲೇ ಇದ್ದೆ. ಅವ್ವ ಹಿಂದಿನ ಓಣಿಯಲ್ಲಿ ಯಾರದೋ ಕೂಸಿನ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದಳು. ಮಧ್ಯಾಹ್ನ ಒಂದು ಗಂಟೆಗೆ ಒಬ್ಬ ಹಿರಿಯರು ಬಂದು ಪಡಸಾಲೆಯ ಹೊಸ್ತಿಲಲ್ಲಿ ನಿಂತರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದಗಳು. ಉಳವಿಯ ಆಚೆಗಿನ ಒಂದು ಹಳ್ಳಿಯವರು. ಅವರ ಮನೆಯ ಕಾಗದಪತ್ರವೆಲ್ಲ ಅಕ್ಕನ ಕೈಯಿಂದಲೇ ಆದದ್ದು. ಆ ಕಡೆಯ ಕೊಂಕಣಿ ಮಾತಿನವರ ರೂಢಿಯಂತೆ ಅವಳನ್ನು "ಬಾಯಿ" ಎನ್ನುತ್ತಿದ್ದರು.

"ಬಾಯಿ ಮತ್ತ ಬರಿಯಾಕ ಹತ್ಯಾರ ಅಂತ ದಾಂಡೇಲಿ ಬಸ್ಟ್ಯಾಂಡಿನ್ಯಾಗ ಕೇಳಿದೆ. ಹೌದೇನ್ರಿ?"

ಅಡವಿಯಲ್ಲಿ ಅಜ್ಜನ ಕಾಲದಿಂದ ಸಾಗುವಳಿ ಮಾಡುತ್ತಾ ಬಂದ ತುಂಡು ಭೂಮಿಗೆ ಹಕ್ಕು ಕೇಳುವ ಅರ್ಜಿ. ಮರುದಿನ ಜೋಯಿಡಾದಲ್ಲಿ ಕೊಡಬೇಕು. ಊರಿನ ಮಾಸ್ತರರು ಕರಡು ಬರೆದುಕೊಟ್ಟಿದ್ದರು. ಐದು ಗಂಟೆಯ ಬಸ್ಸು ತಪ್ಪಿದರೆ ಬೆಳಗಾಗುವುದರೊಳಗೆ ಅವರು ಜೋಯಿಡಾ ಮುಟ್ಟುವ ಹಾಗಿರಲಿಲ್ಲ.

ಬೇರೆಯವರ ಹತ್ತಿರ ಮಾಡಿಸಿಕೊಳ್ಳಿ ಎಂದು ಹೇಳುವವನಿದ್ದೆ. ಹೇಳಲಿಲ್ಲ. ಕರಡನ್ನು ಒಳಗೆ ಒಯ್ದು ಅಕ್ಕನ ಪಕ್ಕದಲ್ಲಿ ಇಟ್ಟೆ, ಯಾರದೆಂದು ಹೇಳಿದೆ. ಅವಳು ಹೊರಳದೆಯೇ ಕೈ ಹಿಂದೆ ಚಾಚಿ ಆ ಕಾಗದವನ್ನು ತಡವಿದಳು. ಆಮೇಲೆ, "ದಿಂಬು ಎತ್ತಿ ಇಡು" ಎಂದಳು.

ಎರಡು ಗಂಟೆಗೆ ಟೈಪು ಮುಗಿಯಿತು. ಕಳಿಸಿದಳು. ಪ್ರಿಂಟರು ಕಲ್ಲಿನಂತೆ ಕೂತಿತ್ತು. ಎರಡೂವರೆಯಾಯಿತು, ಮೂರಾಯಿತು. ಹಿರಿಯರು ಗೋಡೆಗೆ ಒರಗಿ, ನನ್ನ ಸರ್ಕಸ್ಸು ನೋಡುತ್ತಾ ಕೂತಿದ್ದರು. ಪ್ರಿಂಟರನ್ನು ಹೊತ್ತು ಅಡುಗೆಮನೆಗೆ ಒಯ್ಯೋಣವೆಂದರೆ ಅಕ್ಕನ ಕೋಣೆ ದಾಟಿಯೇ ಹೋಗಬೇಕು, ಹಿರಿಯರ ಎದುರಿಗೇ ಬಾಗಿಲು ಪರದೆ ಎರಡನ್ನೂ ಪೂರ್ತಿ ತೆರೆಯಬೇಕು, ಅವಳು ಒಲ್ಲೆನೆಂದಳು. ಬಾಗಿಲು ತುಸು ತೆರೆದು, ಇನ್ನೊಮ್ಮೆ ಕಳಿಸು ಎಂದೆ. ಒಳಗಿನಿಂದ, "ಎಷ್ಟ ಸಲ ಕಳಸ್ಲೋ?" ಎಂಬ ಮಾತು ಬಂತು. ಆ ದನಿಯಲ್ಲಿ ನಿನ್ನೆಯ ಗೋಡೆ ಇತ್ತು.

ಮೂರೂವರೆಗೆ ಅವ್ವ ಹಿತ್ತಲ ಬಾಗಿಲಿನಿಂದ ಬಂದಳು. ಪಡಸಾಲೆಯಲ್ಲಿ ಊರಿಂದ ಬಂದವರು ಕೂತಿದ್ದಾರೆ ಎಂದು ಕೇಳಿದ್ದೇ, "ಅಯ್ಯ, ಒಂದ ಕಪ್ಪ ಚಾನೂ ಕೊಟ್ಟಿಲ್ಲೇನೋ" ಎಂದು ನನ್ನನ್ನು ಬೈದು ಒಲೆ ಹಚ್ಚಿದಳು. ನಾನು ನೀರು ಕುಡಿಯಲು ಅಲ್ಲಿಯೇ ನಿಂತಿದ್ದೆ. ಅವಳು ಜಾಳಿಗಿ ಕಪಾಟಿನ ಬಾಗಿಲು ಪೂರ್ತಿ ತೆರೆದು ಹಾಲಿನ ಪಾತ್ರೆ ತೆಗೆದಳು. ಬಾಗಿಲನ್ನು ಹಾಗೆಯೇ ಬಿಟ್ಟು ಒಲೆಯ ಕಡೆ ತಿರುಗಿದಳು. ಹಾಲು ಕಾಯಿಸಿ, ಚಹಾಕ್ಕೆ ಹಾಕಿ, ಉಳಿದದ್ದು ಆರಿದ ಮೇಲೆ ತಿರುಗಿ ಒಳಗಿಡುವವರೆಗೆ ಅವಳು ಅದನ್ನು ಮುಚ್ಚುವುದಿಲ್ಲ.

ಪಡಸಾಲೆಯಿಂದ ಕೆಮ್ಮು ಕೇಳಿಸಿತು. ಆಮೇಲೆ ಹಾಳೆ ಎಳೆದುಕೊಳ್ಳುವ ಸಪ್ಪಳ.

ನಾನು ಲೋಟ ಹಿಡಿದುಕೊಂಡೇ ಕಪಾಟಿನ ತೆರೆದ ಬಾಗಿಲನ್ನು ನೋಡಿದೆ. ಕೈ ಚಾಚಿ ಮುಚ್ಚಿದೆ. ಹೊರಗೆ ಎರಡನೆಯ ಹಾಳೆ ಅರ್ಧಕ್ಕೇ ನಿಂತಿತು. ತೆರೆದೆ. ಮುಂದುವರಿಯಿತು. ಹಿಂದೆ ಕೇಬಲ್ಲಿನವರಿಗೆ ಜಾಲರಿಯ ದೊಡ್ಡ ಡಿಶ್ ಛತ್ರಿಗಳನ್ನು ಹೊಂದಿಸಿಕೊಟ್ಟವನು ನಾನೇ. ತಂತಿಯ ಜಾಲರಿಯನ್ನು ಗಾಳಿ ದಾಟುತ್ತದೆ, ಸಿಗ್ನಲ್ಲು ದಾಟುವುದಿಲ್ಲ, ಅದಕ್ಕೇ ಛತ್ರಿ ಅದನ್ನು ಹಿಡಿಯುತ್ತದೆ ಎಂದು ನೂರು ಮಂದಿಗೆ ಪಾಠ ಮಾಡಿದವನೂ ನಾನೇ. ಮೋಡೆಮ್ಮನ್ನು ಅಂಥದೇ ಜಾಲರಿಯೊಳಗೆ ಕೂಡಿಹಾಕಿ ಎಂಟು ದಿನ ಪ್ರಿಂಟರಿನ ಕಿವಿ ಹಿಂಡಿದ್ದೆ. ಹುಬ್ಬಳ್ಳಿಯವನಿಗೆ ಬೈದ ಬೈಗುಳವೆಲ್ಲ ತಿರುಗಿ ನನ್ನ ಬಾಯಿಗೇ ಬಂದಂತಾಯಿತು.

"ಯಾಕ ಹಂಗ ನಿಂತಿ?" ಎಂದಳು ಅವ್ವ.

"ಏನಿಲ್ಲವ್ವಾ. ನಿನ್ನ ಮಗಾ ಶ್ಯಾಣ್ಯಾ ಅದಾನ" ಎಂದು ಮೋಡೆಮ್ಮನ್ನು ಹೊರಗೆ ಎಳೆದು ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ಇಲಿಗಳ ವಿಚಾರ ಆಮೇಲೆ.

ಪಡಸಾಲೆಗೆ ಓಡಿದೆ. ಅರ್ಜಿ ಬಂದು ಬಿದ್ದಿತ್ತು, ಬಿಸಿ ಬಿಸಿ, ಅಂಚು ನೇರ, ಒಂದೂ ಒತ್ತಕ್ಷರ ತಪ್ಪಿಲ್ಲ. ಅಕ್ಕ ಕೇಳಿದ ಹಾಗೆಯೇ ಎಲ್ಲವೂ ಆಗಿತ್ತು: ಮಂದಿ ಹೊರಗೆ, ಅವಳು ಒಳಗೆ, ಕಾಗದ ಗೋಡೆ ದಾಟಿ ಬಂದಿದೆ. ನಾನು ಅದನ್ನು ಹಿರಿಯರ ಮುಂದೆ ಹಿಡಿದು, ಶಾಯಿಯ ಡಬ್ಬಿ ತೆರೆದು, ಹೆಬ್ಬೆಟ್ಟು ಒತ್ತಿರಿ ಎಂದೆ. ಇನ್ನೂ ನಾಲ್ಕು ಗಂಟೆ ಆಗಿರಲಿಲ್ಲ.

ಅವರು ಕೈ ಮುಂದೆ ಮಾಡಲಿಲ್ಲ.

"ಬಾಯಿ ಓದಿ ಹೇಳಿಲ್ಲಲ್ಲ."

"ನಾ ಓದಿ ಹೇಳ್ತೇನಿ ಬರ್ರಿ."

"ನೀವು ಬ್ಯಾಡ. ಬಾಯಿ ಓದಬೇಕು."

ಇದನ್ನು ನಾವು ಮೂವರೂ ಮರೆತುಬಿಟ್ಟಿದ್ದೆವು. ಬೇವಿನ ಮರದ ಕೆಳಗೆ ಅಕ್ಕ ಯಾರ ಕಾಗದವನ್ನೂ ಹಾಗೇ ಕೈಗೆ ಕೊಟ್ಟವಳಲ್ಲ. ಟೈಪು ಮುಗಿಸಿ, ಹಾಳೆ ಎಳೆದು, ಮೊದಲಿಂದ ಕಡೆಯವರೆಗೆ ಅವರಿಗೆ ತಿಳಿಯುವ ಮಾತಿನಲ್ಲಿ ಓದಿ ಹೇಳಿ, ಅವರು ಹೂಂ ಎಂದ ಮೇಲೆಯೇ ಹೆಬ್ಬೆಟ್ಟು. ಸಾಹೇಬರು ಕಾಯುತ್ತಿದ್ದರೂ ಅಷ್ಟೇ, ಮಳೆ ಬರುತ್ತಿದ್ದರೂ ಅಷ್ಟೇ. ಓದು ಬಾರದವರು ಬಸ್ಸು ಹತ್ತಿ ಅವಳನ್ನೇ ಹುಡುಕಿ ಬರುತ್ತಿದ್ದುದು ಅದಕ್ಕೆ. ಕಾಗದವನ್ನು ಗೋಡೆ ದಾಟಿಸುವ ಹುಮ್ಮಸ್ಸಿನಲ್ಲಿ, ಅವಳ ಕೆಲಸದಲ್ಲಿ ಅರ್ಧ ಇದು ಎಂಬುದೇ ನಮಗೆ ನೆನಪಿರಲಿಲ್ಲ.

ಬಾಗಿಲ ಆಚೆಯಿಂದ ಅಕ್ಕ ಕೇಳಿಸಿಕೊಂಡಿರಬೇಕು. "ಅಲ್ಲೇ ಕುಂದ್ರಸು. ನಾ ಇಲ್ಲಿಂದನ ಓದ್ತೇನಿ" ಎಂದಳು.

ಓದಿದಳು. ಮುಚ್ಚಿದ ಬಾಗಿಲಿನಿಂದ ಏನು ಕೇಳಿಸೀತು? ಹಿರಿಯರು ಹಲಗೆಗೆ ಕಿವಿ ಹಚ್ಚಿ ಕೂತರು. ಸ್ವಲ್ಪ ಹೊತ್ತಿಗೆ ಅಕ್ಕನೇ, "ಬಾಗಲಾ ತೆಗಿ, ಪರದೆ ಇರ್ಲಿ" ಎಂದಳು. ತೆಗೆದೆ. ಹೂವಿನ ಚಿತ್ರದ ಹಳೆಯ ಪರದೆಯ ಈಚೆ ಅವರು, ಆಚೆ ಅವಳು. ಅರ್ಜಿ ಚಕ್ಕುಬಂದಿಗೆ ಬಂತು, ಭೂಮಿಯ ನಾಲ್ಕೂ ದಿಕ್ಕಿಗೆ ಏನೇನಿದೆ ಎಂಬುದಕ್ಕೆ. ಮೂಡಣಕ್ಕೆ ಹಳ್ಳ. ಹೂಂ ಎಂದರು. ಬಡಗಣಕ್ಕೆ ಅಡವಿ.

"ಅಲ್ಲ" ಎಂದರು ಹಿರಿಯರು.

"ಮಾಸ್ತರು ಹಂಗ ಬರದಾರ."

"ಮಾಸ್ತರು ನೋಡಿಲ್ಲ ಬಾಯಿ. ಹಳ್ಳ ಮೂಡಣದಿಂದ ಹಿಂಗ ಬರತೈತಿ, ಇಲ್ಲಿ ಹಿಂಗ ಹೊಳ್ಳತೈತಿ, ಈ ಕಡೆ ನಮ್ಮ ಮನಿ. ಹಿಂಗ ಐತಿ ನೋಡ್ರಿ."

ಅವರು ಎರಡೂ ಕೈಗಳಿಂದ ತೋರಿಸುತ್ತಿದ್ದರು. ಬಲಗೈ ಹಳ್ಳ, ಎಡಗೈ ಭೂಮಿ. ಪರದೆಗೆ ತೋರಿಸುತ್ತಿದ್ದರು. ಮೂರು ಸಲ ತೋರಿಸಿದರು, ಮೂರು ಸಲವೂ ಅಕ್ಕ, "ಹಿಂಗ ಅಂದ್ರ ಹೆಂಗ್ರಿ?" ಎಂದಳು. ನಾನು ನಡುವೆ ಬಾಯಿ ಹಾಕಿ ವಿವರಿಸಹೋಗಿ ಹಳ್ಳವನ್ನು ಪಡುವಣಕ್ಕೆ ಹರಿಸಿದೆ. ಇಬ್ಬರೂ ನನಗೆ ಸುಮ್ಮನಿರು ಎಂದರು. ಹಳ್ಳ ಹೊಳ್ಳುವ ಆ ಮೂಲೆಯಲ್ಲೇ ಅವರ ಮನೆ, ಅವರ ಬಾವಿ. ಬಡಗಣಕ್ಕೆ ಬರೀ ಅಡವಿ ಎಂದು ಬರೆದರೆ ಆ ಮೂಲೆ ಅರ್ಜಿಯಿಂದಲೇ ಹೊರಗೆ ಉಳಿಯುತ್ತಿತ್ತು.

ಪರದೆಯ ಆಚೆ ಒಮ್ಮೆ ಕೈಬಳೆಯ ಸಪ್ಪಳವಾಯಿತು, ತಲೆಗೂದಲು ಹಿಂದಕ್ಕೆ ಸರಿಸಿಕೊಂಡಿರಬೇಕು. ಪರದೆಯ ಅಂಚಿನ ಸಂದಿನಲ್ಲಿ ಅವ್ವ ಕಂಡಳು, ಚಹಾದ ಬಸಿ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಿದ್ದಳು.

"ಒಳಗ ಬಂದು ತೋರಸ್ರಿ" ಎಂದಳು ಅಕ್ಕ.

ಅವರು ಪರದೆ ಸರಿಸಿ ಒಳಗೆ ಹೋದರು. ಮಂಚದ ಕೆಳಗೆ ನೋಡಲಿಲ್ಲ, ಕಾಲಿನ ಕಡೆ ನೋಡಲಿಲ್ಲ, ಹೆಂಗಿದ್ದೀರಿ ಎಂದು ಕೇಳಲಿಲ್ಲ. ಹಾಸಿಗೆಯ ಮೇಲಿನ ಕೌದಿಯನ್ನೇ ಅಂಗೈಯಿಂದ ಸವರಿ ಸಪಾಟು ಮಾಡಿ, ಅದರ ಮೇಲೆ ಬೆರಳಿನಿಂದ ಹಳ್ಳ ಎಳೆದರು, ಅದನ್ನು ಹೊಳ್ಳಿಸಿದರು, ಮನೆ ಇದ್ದಲ್ಲಿ ಶಾಯಿಯ ಡಬ್ಬಿಯ ಮುಚ್ಚಳ ಇಟ್ಟರು. ಅಕ್ಕ ಬಗ್ಗಿ ನೋಡಿ, "ಹಂಗಾದ್ರ ಮೂಡಣಕ್ಕೂ ಹಳ್ಳ, ಬಡಗಣಕ್ಕೂ ಹಳ್ಳ ಅನ್ನೂಣು" ಎಂದಳು. "ಈಗ ಸರಿ" ಎಂದರು ಅವರು. ಆಮೇಲೆ ಮೊದಲ ಸಲ ಅವಳ ಮುಖವನ್ನು ನೆಟ್ಟಗೆ ನೋಡಿ ಹೇಳಿದರು:

"ದಪ್ಪ ಆಗೀರಿ ಬಾಯಿ."

ಅಕ್ಕ ಅವರನ್ನೇ ನೋಡಿದಳು. ಆಮೇಲೆ ನಕ್ಕಳು. ಸಣ್ಣ ನಗುವಲ್ಲ, ಸೊಂಟ ನೋಯುತ್ತದೆ ಎಂದು ಕೈಯೊತ್ತಿ ಹಿಡಿದುಕೊಂಡು ನಗುವ ನಗು. "ಕುಂತಲ್ಲೇ ಉಣ್ಣೂದಾದ್ರ ಏನಾಗ್ತಾರ್ರಿ ಮತ್ತ?" ಎಂದಳು. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಚಹಾ ತಂದುಕೊಟ್ಟಳು. ಅವರು ಅಲ್ಲಿಯೇ, ಮಂಚದ ಪಕ್ಕದ ಟ್ರಂಕಿನ ಮೇಲೆ ಕೂತು ಕುಡಿದರು.

ಅಕ್ಕ ತಿದ್ದಿ ಕಳಿಸಿದಳು. ನಾನು ಪಡಸಾಲೆಗೆ ಹೋಗಿ ತಂದುಕೊಟ್ಟೆ. ಓದಿದಳು. ಇನ್ನೊಂದು ಮಾತು ಬದಲಿಸಬೇಕೆಂದರು. ಮತ್ತೆ ಕಳಿಸಿದಳು, ಮತ್ತೆ ಓಡಿದೆ. ಮೂರು ಪ್ರತಿ ಬೇಕೆಂದಾಗ ಮೂರನೆಯ ಸಲ ಓಡಿದೆ. ಹೆಬ್ಬೆಟ್ಟು ಬಿತ್ತು. ಶಾಯಿ ಆರಲು ಅವರು ಹಾಳೆಗಳನ್ನು ಊದುತ್ತಾ ಕೂತಾಗ ಅಕ್ಕ ನನ್ನ ಕಡೆ ತಿರುಗಿದಳು.

"ಆ ಮಷೀನ ಇಲ್ಲೇ ತಂದಿಡೋ. ಮಂದಿ ಒಳಗ ಬರೂದಾದ್ರ ಅದು ಹೊರಗ ಯಾಕ?"

ಎಂಟು ದಿನ ನಾನು ಪಟ್ಟ ಪಾಡಿನ ಬಗ್ಗೆ ಒಂದು ಮಾತು ಹೇಳಬೇಕೆನಿಸಿತು. ನುಂಗಿಕೊಂಡೆ. ಪ್ರಿಂಟರನ್ನು ಎತ್ತಿಕೊಂಡು ಬಂದು ಅವಳ ಕೈಗೆಟಕುವಂತೆ ಮಂಚದ ತಲೆಗಡೆ ಇಟ್ಟೆ. ಒಂದು ಮೊಳ ತಂತಿ ಇದ್ದರೆ ಸಾಕಿತ್ತು ಈಗ. ಹಿರಿಯರು ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಂಬಳಿಯೊಳಗೆ ಇಟ್ಟುಕೊಂಡು, ಬರ್ತೇನಿ ಬಾಯಿ ಎಂದು ಬಸ್ಸಿಗೆ ಹೊರಟರು. ಅವ್ವ ಮಂಚದ ಕೆಳಗಿನ ಡಬ್ಬಿಯನ್ನು ಕಾಲಿನಿಂದ ಇನ್ನಷ್ಟು ಒಳಗೆ ತಳ್ಳಿ, ಟ್ರಂಕಿನ ಮೇಲೆ ಒಂದು ಚಾದರ ಮಡಚಿ ಹಾಸಿದಳು.

ಅಕ್ಕ ಬಾಚಣಿಗೆ ಕೇಳಿದಳು. ತಲೆ ಬಾಚಿಕೊಳ್ಳುತ್ತಾ, ನನ್ನನ್ನು ನೋಡದೆಯೇ ಹೇಳಿದಳು:

"ಕಟ್ಟಿ ಮ್ಯಾಲ ಮತ್ಯಾರರ ಕುಂತಾರೇನು ನೋಡು. ಇದ್ರ ಒಳಗ ಕಳಸು."

ಹೋಗಿ ನೋಡಿದೆ. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಇಲ್ಲವೆಂದು ಒಳಗೆ ಹೋಗಿ ಹೇಳಲು ನನಗೆ ಮನಸ್ಸಾಗಲಿಲ್ಲ. ತಾಲೂಕು ಕಚೇರಿ ಮುಚ್ಚಲು ಇನ್ನೂ ಅರ್ಧ ತಾಸು ಇತ್ತು. ಚಪ್ಪಲಿ ಮೆಟ್ಟಿಕೊಂಡು, ಯಾರನ್ನಾದರೂ ಕರೆದುಕೊಂಡು ಬರಲು ಬೇವಿನ ಮರದ ಕಡೆ ಹೊರಟೆ.